ಮಗ್ಗುಲಲ್ಲಿ ಕೂಸು, ಕಣ್ಣಲ್ಲಿ ನಿದ್ದೆ

ಪ್ರಶ್ನೆ: ನನ್ನ ಎರಡನೆಯ ಮಗುವಿಗೆ ಈಗ ಎರಡು ತಿಂಗಳು. ದಿನ ತುಂಬಿ, 2.9 ಕಿಲೋ ತೂಕದಲ್ಲಿ, ಸಿಸೇರಿಯನ್ ಆಗಿ ಹುಟ್ಟಿದ ಗಂಡುಮಗು. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಬಾಣಂತನಕ್ಕೆ ಚಿಕ್ಕಮಗಳೂರಿನ ಹತ್ತಿರದ ತವರಿಗೆ ಬಂದಿದ್ದೇನೆ. ಇಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಅಮ್ಮ, ಮಗು, ನಾನು ಮಲಗುತ್ತೇವೆ. ಚಳಿಗೆಂದು ಕೋಣೆಯಲ್ಲಿ ಕೆಂಡ ಇಡುತ್ತಾರೆ. ಮುಂದಿನ ತಿಂಗಳು ಬೆಂಗಳೂರಿನ ನಮ್ಮ ಮನೆಗೆ ಹೋಗಬೇಕು. ಅಲ್ಲಿ ಮಲಗುವ ಕೋಣೆ ಒಂದೇ. ಗೋಡೆಗೆ ತಾಗಿಸಿದ ದೊಡ್ಡ ಮಂಚ, ಮೆತ್ತನೆಯ ಫೋಮ್ ಹಾಸಿಗೆ, ನಮ್ಮ ಜೊತೆಯೇ ಮಲಗುವ ನಾಲ್ಕು ವರ್ಷದ ಮಗಳು. ಗಂಡ ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತಾರೆ, ಆದರೆ ಬಾಲ್ಕನಿಯಲ್ಲಿ ಮಾತ್ರ. ಅಮೆರಿಕದಲ್ಲಿರುವ ನಾದಿನಿ ‘ಮಗುವನ್ನು ನಿಮ್ಮ ಹಾಸಿಗೆಗೆ ಸೇರಿಸಲೇಬೇಡಿ’ ಎನ್ನುತ್ತಾಳೆ. ಅತ್ತೆ ‘ನಾವೆಲ್ಲ ಮಗ್ಗುಲಲ್ಲಿ ಹಾಕಿಕೊಂಡೇ ಬೆಳೆಸಲಿಲ್ಲವೇ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ನಿಮ್ಮ ಪತ್ರದ ಅತಿ ಮುಖ್ಯ ಸಾಲು ಅವರಿಬ್ಬರದೂ ಅಲ್ಲ, ಅದು ಸಿಗರೇಟಿನ ಸಾಲು. ಅದನ್ನು ಮುಚ್ಚಿಡದೆ ಬರೆದಿರಲ್ಲ, ಅದರಿಂದ ನನ್ನ ಉತ್ತರವೇ ಬದಲಾಗಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನಾದಿನಿಯ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯ ಪ್ರಕಾರ ಕೂಸು ಕನಿಷ್ಠ ಆರು ತಿಂಗಳು ತಂದೆತಾಯಿಯ ಕೋಣೆಯಲ್ಲೇ ಮಲಗಬೇಕು, ಆದರೆ ತನ್ನದೇ ಬೇರೆ ಹಾಸಿಗೆಯ ಮೇಲೆ. ಈ ಸಲಹೆ ಸಮುದ್ರ ದಾಟಿ ಫೋನಿನಲ್ಲಿ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ‘ಬೇರೆ ಹಾಸಿಗೆ’ ಉಳಿದುಕೊಂಡು ‘ಅದೇ ಕೋಣೆ’ ಉದುರಿಹೋಗಿರುತ್ತದೆ. ಇನ್ನೊಂದು ಮಾತೂ ಉದುರುತ್ತದೆ: ಹಾಲು ಕುಡಿಸುವಾಗ ನಿದ್ದೆ ಹತ್ತಬಹುದು ಎನ್ನಿಸಿದರೆ, ಸೋಫಾ ಅಥವಾ ಆರಾಮಕುರ್ಚಿಗಿಂತ ದೊಡ್ಡವರ ಹಾಸಿಗೆಯೇ ಕಡಿಮೆ ಅಪಾಯದ್ದು ಎಂದು ಅದೇ ಸಲಹೆಯಲ್ಲಿ ಹೇಳಿದೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ‘ನೈಸ್’ ಸಂಸ್ಥೆ 2021ರಲ್ಲಿ ಇನ್ನಷ್ಟು ನೇರವಾಯಿತು. ಬರೀ ‘ಬೇಡ’ ಎಂದು ಹೇಳಿ ಕಳುಹಿಸಬೇಡಿ, ಜೊತೆಗೆ ಮಲಗುವುದಾದರೆ ಹೇಗೆ, ಯಾವ ಸಂದರ್ಭದಲ್ಲಿ ಖಂಡಿತ ಕೂಡದು ಎಂಬುದನ್ನು ಕುಳಿತು ಮಾತನಾಡಿ ಎಂದು ಅದು ವೈದ್ಯರಿಗೆ, ದಾದಿಯರಿಗೆ ಸೂಚಿಸಿತು. ನನಗೆ ಸರಿಕಾಣುವುದು ಈ ದಾರಿ. ‘ಬೇಡ’ ಎನ್ನಿಸಿಕೊಂಡ ತಾಯಿ ಏನು ಮಾಡುತ್ತಾಳೆ? ನಡುರಾತ್ರಿ ಎದ್ದು, ಹಾಸಿಗೆಯಲ್ಲಿ ಕುಡಿಸಿದರೆ ನಿದ್ದೆ ಬಂದೀತೆಂಬ ಭಯಕ್ಕೆ ಹಜಾರದ ಸೋಫಾದ ಮೇಲೆ ಹೋಗಿ ಕುಳಿತುಕೊಳ್ಳುತ್ತಾಳೆ. ನಿದ್ದೆ ಅಲ್ಲಿಗೂ ಬರುತ್ತದೆ.

ಇನ್ನು ಅತ್ತೆಯ ಮಾತು. ‘ನಾವು ಹಾಗೇ ಬೆಳೆಸಲಿಲ್ಲವೇ’ ಎಂಬುದು ಸುಳ್ಳಲ್ಲ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಪಾಕಿಸ್ತಾನ ಮೂಲದ ಕುಟುಂಬಗಳನ್ನೂ ಬಿಳಿಯರ ಕುಟುಂಬಗಳನ್ನೂ ಹೋಲಿಸಿ ನೋಡಿದ್ದಾರೆ. ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುವ ರೂಢಿ ಏಷ್ಯಾದವರಲ್ಲಿ ಹೆಚ್ಚು, ಆದರೆ ತೊಟ್ಟಿಲ ಸಾವು, ಅಂದರೆ ಚೆನ್ನಾಗಿದ್ದ ಕೂಸು ನಿದ್ದೆಯಲ್ಲಿ ಕಾರಣ ತಿಳಿಯದೆ ಹೋಗಿಬಿಡುವುದು, ಅವರಲ್ಲೇ ಕಡಿಮೆ. ಕಾರಣ ಹುಡುಕಿದರೆ, ಆ ತಾಯಂದಿರು ಸಿಗರೇಟು, ಮದ್ಯ ಮುಟ್ಟುವುದು ಅಪರೂಪ, ಸೋಫಾದ ಮೇಲೆ ಕೂಸಿನ ಜೊತೆ ಮಲಗುವುದೂ ಅಪರೂಪ. ನಿಮ್ಮ ಅತ್ತೆಯ ಹಾಸಿಗೆಯೂ ಅಂಥದ್ದೇ ಇದ್ದಿರಬೇಕು: ನೆಲದ ಮೇಲೆ ಚಾಪೆ, ಅದರ ಮೇಲೊಂದು ಗಟ್ಟಿಯಾದ ಹತ್ತಿಯ ಹಾಸಿಗೆ ಅಥವಾ ನಾಲ್ಕು ಮಡಿಕೆಯ ಕೌದಿ. ಮಂಚ ಗಂಡಸರಿಗೆ, ಅದೂ ಜಗುಲಿಯಲ್ಲಿ. ಬಾಣಂತಿಯ ಕೋಣೆಗೆ ಮೂರು ತಿಂಗಳು ಗಂಡನಿಗೆ ಪ್ರವೇಶವೇ ಇಲ್ಲ. ಅವರು ಬೆಳೆಸಿದ್ದು ಆ ಹಾಸಿಗೆಯ ಮೇಲೆ. ನಿಮಗಾಗಿ ಬೆಂಗಳೂರಿನಲ್ಲಿ ಕಾಯುತ್ತಿರುವುದು ಒಂದು ಗೇಣು ಒಳಗೆ ಹೂಳುವ ಫೋಮು. ಮಾತು ಅದೇ, ಹಾಸಿಗೆ ಬೇರೆ.

ಇನ್ನೊಂದು ವಿಷಯ ಹೇಳಿದರೆ ಹಿರಿಯರಿಗೆ ಬೇಸರವಾದೀತು, ಆದರೂ ಹೇಳುತ್ತೇನೆ. ನಮ್ಮ ಕಡೆ ‘ದಕ್ಕಲಿಲ್ಲ’ ಎಂಬ ಒಂದು ಪದವಿದೆ. ‘ಆರು ಹೆತ್ತೆ, ನಾಲ್ಕು ದಕ್ಕಿದವು’ ಎಂದು ಅಜ್ಜಿಯರು ಮಳೆ ಬಂತು ಹೋಯಿತು ಎಂಬಷ್ಟೇ ಶಾಂತವಾಗಿ ಹೇಳುತ್ತಿದ್ದರು. ದಕ್ಕದ ಆ ಎರಡು ಯಾಕೆ ಹೋದವು ಎಂದು ಯಾರೂ ಕೇಳಲಿಲ್ಲ. ದೃಷ್ಟಿ, ಬಾಲಗ್ರಹ, ಹಣೆಬರಹ. ಭೇದಿಯಲ್ಲಿ ಹೋದದ್ದು, ಜ್ವರದಲ್ಲಿ ಹೋದದ್ದು, ರಾತ್ರಿ ಹಾಲು ಕುಡಿದು ಮಲಗಿ ಬೆಳಗ್ಗೆ ಏಳದೆ ಹೋದದ್ದು, ಎಲ್ಲವೂ ಆ ಒಂದು ಪದದೊಳಗೆ ಸೇರಿಹೋಗಿವೆ.

ಅಷ್ಟಕ್ಕೂ ಕೂಸಿಗೆ ನಿದ್ದೆಯಲ್ಲಿ ಏನಾಗುತ್ತದೆ? ತಾಯಿ ಮೈಮೇಲೆ ಹೊರಳಿ ಅದುಮಿಬಿಡುತ್ತಾಳೆ ಎಂಬ ಹೆದರಿಕೆ ಎಲ್ಲರಿಗೂ ಇದೆ, ಹಾಗೆ ಆಗುವುದೂ ಉಂಟು. ಆದರೆ ಹೆಚ್ಚು ಮೋಸದ್ದು ಸದ್ದಿಲ್ಲದೆ ನಡೆಯುವಂಥದ್ದು. ಮೂಗು ಮೆತ್ತೆಯಲ್ಲೋ ರಗ್ಗಿನಲ್ಲೋ ಹುದುಗುತ್ತದೆ. ಕೂಸು ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ನೀವು, ನಾನು ಆದರೆ ಉಸಿರು ಕಟ್ಟಿದಾಗ ಥಟ್ಟನೆ ಎಚ್ಚೆತ್ತು ಮುಖ ತಿರುಗಿಸುತ್ತೇವೆ. ಎಳೆಗೂಸಿನ ಮಿದುಳಿನಲ್ಲಿ ಆ ಎಚ್ಚರಿಕೆಯ ಗಂಟೆ ಇನ್ನೂ ಸರಿಯಾಗಿ ಕಟ್ಟಿರುವುದಿಲ್ಲ, ಜೊತೆಗೆ ಕತ್ತಿಗೂ ಬಲವಿಲ್ಲ. ಎರಡರಿಂದ ನಾಲ್ಕು ತಿಂಗಳ ನಡುವೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಕಾರಣ ತಿಳಿಯದ ಇಂಥ ಸಾವುಗಳಲ್ಲಿ ನೂರಕ್ಕೆ ತೊಂಬತ್ತು ಆರು ತಿಂಗಳೊಳಗೇ ಆಗುತ್ತವೆ. ನೀವು ಹಾಸಿಗೆ ಬದಲಿಸುತ್ತಿರುವುದು ಸರಿಯಾಗಿ ಆ ನಡುವಿನಲ್ಲಿ. ಹೆದರಿಸಲು ಹೇಳುತ್ತಿಲ್ಲ. ಹಾಲು ಕುಡಿದು ಬೆಳೆಯುತ್ತಿರುವ, ತೂಕ ತುಂಬಿ ಹುಟ್ಟಿದ ನಿಮ್ಮ ಮಗನಿಗೆ ಒಟ್ಟು ಅಪಾಯ ತೀರ ಕಡಿಮೆ. ಆ ಕಡಿಮೆಯನ್ನು ಇನ್ನೂ ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ, ಅದಕ್ಕಾಗಿ ಹೇಳುತ್ತಿದ್ದೇನೆ.

ನನ್ನದೇ ಒಂದು ಕಥೆ. ಹಿರಿಯ ಮಗಳು ಹುಟ್ಟಿದಾಗ ನಾನು ಮಕ್ಕಳ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದೆ. ರಜೆ ಮುಗಿಸಿ ರಾತ್ರಿ ಡ್ಯೂಟಿಗೆ ಹೋಗತೊಡಗಿದ ಮೊದಲ ವಾರ. ಬೆಳಗ್ಗೆ ಮನೆಗೆ ಬಂದು ಬೆತ್ತದ ಆರಾಮಕುರ್ಚಿಯಲ್ಲಿ ಕುಳಿತು ಕುಡಿಸುತ್ತಿದ್ದೆ. ‘ಕಣ್ಣು ಮುಚ್ಚಬಾರದು’ ಎಂದುಕೊಂಡಿದ್ದಷ್ಟೇ ನೆನಪು. ಅಮ್ಮ ಕೂಗಿದಾಗ ಎಚ್ಚರವಾಯಿತು. ಮಗಳು ನನ್ನ ತೊಡೆಗೂ ಕುರ್ಚಿಯ ಕೈಗೂ ನಡುವಿನ ದಿಂಬಿನೊಳಕ್ಕೆ ತಲೆಕೆಳಗಾಗಿ ಜಾರಿದ್ದಳು, ಮುಖ ದಿಂಬಿಗೆ ಒತ್ತಿಕೊಂಡಿತ್ತು. ಅಮ್ಮ ಹಾಲು ಕಾಯಿಸಲು ಒಳಗೆ ಬಾರದೆ ಇನ್ನೊಂದು ಹತ್ತು ನಿಮಿಷ ಅಂಗಳದಲ್ಲೇ ಇದ್ದಿದ್ದರೆ ಎಂದು ಈಗಲೂ ಯೋಚಿಸುವುದಿಲ್ಲ, ಯೋಚಿಸಲು ಆಗುವುದಿಲ್ಲ. ಸೋಫಾ, ಮೆತ್ತನೆಯ ಕುರ್ಚಿಗಳಲ್ಲಿ ಕೂಸಿನ ಜೊತೆ ನಿದ್ದೆಹೋದರೆ ಸಾವಿನ ಅಪಾಯ 67 ಪಟ್ಟಿನವರೆಗೆ ಏರಬಹುದು ಎಂಬ ಅಂಕಿ ಅದೇ 2022ರ ಅಮೆರಿಕದ ವರದಿಯಲ್ಲಿದೆ. ಅದನ್ನು ಓದುವುದಕ್ಕೆ ಎಷ್ಟೋ ವರ್ಷ ಮೊದಲೇ ನನಗದು ಗೊತ್ತಾಗಿತ್ತು.

ಅಂದಿನಿಂದ ನಾನು ತಾಯಂದಿರಿಗೆ ‘ಎಚ್ಚರವಾಗಿರಿ’ ಎಂದು ಹೇಳುವುದನ್ನೇ ಬಿಟ್ಟೆ. ಹೆತ್ತು ಎರಡು ತಿಂಗಳಾದವಳಿಗೆ ನಿದ್ದೆ ಬಂದೇ ಬರುತ್ತದೆ. ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಹಗಲು ಬೆಳಕಿನಲ್ಲೇ ಹಾಸಿಗೆಯನ್ನು ಅದಕ್ಕೆ ತಕ್ಕಂತೆ ಸಿದ್ಧಮಾಡಿ ಎನ್ನುತ್ತೇನೆ. ಕೂಸುಗಳಿಗೆ ಕಂಟಕವಾಗುವುದು ಬಹುಪಾಲು ಯೋಚಿಸಿ ಜೊತೆಗೆ ಮಲಗಿಸಿಕೊಂಡ ರಾತ್ರಿಗಳಲ್ಲ. ಯೋಚಿಸದೆ, ಸಾಕಾಗಿ, ಎಲ್ಲೋ ಕುಳಿತಲ್ಲೇ ಕಣ್ಣು ಹತ್ತಿದ ರಾತ್ರಿಗಳು.

ಬೆಂಗಳೂರಿಗೆ ಹೋಗುವ ಮೊದಲು ನೀವು ಈಗಿರುವ ಕೋಣೆಯ ಮಾತು ಮುಗಿಸೋಣ. ಆ ಕೆಂಡವನ್ನು ಇಂದೇ ಹೊರಗಿಡಿಸಿ. ನಿಮ್ಮ ತಾಯಿಗೆ ನಾನೇ ಹೇಳಿದೆನೆಂದು ಹೇಳಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿಟ್ಟರೆ ಕೋಣೆಯಲ್ಲಿ ತುಂಬಿಕೊಳ್ಳುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ, ಬೂದಿ ಮುಚ್ಚಿದ ಕೆಂಡವೂ ಅದನ್ನು ಉಗುಳುತ್ತಲೇ ಇರುತ್ತದೆ. ಕೂಸಿಗೆ ಮಾತ್ರವಲ್ಲ, ಕೋಣೆಯಲ್ಲಿರುವ ಮೂವರಿಗೂ ಅದು ವಿಷ. ಬೆಳಗ್ಗೆ ಏಳುವಾಗ ನಿಮಗೆ, ಅಮ್ಮನಿಗೆ ತಲೆಭಾರ, ಓಕರಿಕೆ ಇದ್ದರೆ ಅದನ್ನು ಪಿತ್ತ ಎಂದು ತಳ್ಳಿಹಾಕಬೇಡಿ. ಕೋಣೆ ಬೆಚ್ಚಗಾಗಬೇಕೆಂದರೆ ಸಂಜೆ ಕೆಂಡವಿಟ್ಟು, ಮಲಗುವ ಮೊದಲು ಹೊರಗೆ ಸಾಗಿಸಿ, ಕಿಟಕಿ ತೆರೆದು ಗಾಳಿ ಚೆನ್ನಾಗಿ ಆಡಿದ ಮೇಲೆ ಮಲಗಿ. ಎರೆದ ಮೇಲೆ ಸಾಂಬ್ರಾಣಿ ಹೊಗೆ ಕೊಡುವ ಪದ್ಧತಿ ಇದ್ದರೆ ಅದನ್ನೂ ಕೂಸಿನ ಮಟ್ಟಿಗೆ ನಿಲ್ಲಿಸಿ. ಎಳೆಯ ಶ್ವಾಸನಾಳಕ್ಕೆ ಸಾಂಬ್ರಾಣಿಯೂ ಹೊಗೆಯೇ. ಸೊಳ್ಳೆಬತ್ತಿಯೂ ಅಷ್ಟೆ. ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಮಲೆನಾಡಿನಲ್ಲಿ ನೆಲದ ಮೇಲೆ ಮಲಗುವವರಿಗೆ ಹಾವು ಚೇಳಿನಿಂದಲೂ ಅದೇ ಕಾವಲು.

ಈಗ ಸಿಗರೇಟು. ಬಾಲ್ಕನಿಯಲ್ಲಿ ಸೇದಿ ಒಳಗೆ ಬಂದವರ ಉಸಿರಿನಲ್ಲಿ, ಬಟ್ಟೆಯಲ್ಲಿ, ಕೂದಲಲ್ಲಿ ಅದರ ಅಂಶ ಬಂದೇ ಬರುತ್ತದೆ. ಆಗಲೇ ಹೇಳಿದೆನಲ್ಲ, ಉಸಿರು ಕಟ್ಟಿದಾಗ ಎಚ್ಚರಿಸುವ ಗಂಟೆ ಎಂದು, ನಿಕೋಟಿನ್ ಅದನ್ನೇ ಮಂದಗೊಳಿಸುತ್ತದೆ. ಸೇದುವವರಿರುವ ಹಾಸಿಗೆಯಲ್ಲಿ ಮಲಗುವ ಕೂಸಿಗೆ ಅಪಾಯ ಹಲವು ಪಟ್ಟು ಏರುತ್ತದೆ ಎಂಬ ವಿಷಯದಲ್ಲಿ, ಜೊತೆಗೆ ಮಲಗಬಹುದು ಎನ್ನುವ ತಜ್ಞರೂ ಕೂಡದು ಎನ್ನುವ ತಜ್ಞರೂ ಜಗಳವಾಡುವುದಿಲ್ಲ. ಆದ್ದರಿಂದ ನಿಮ್ಮ ಗಂಡ ಸಿಗರೇಟು ಬಿಡುವವರೆಗೆ ಕೂಸು ಅವರ ಹಾಸಿಗೆಯಲ್ಲಿ ಮಲಗಬಾರದು. ಇದು ಶಿಕ್ಷೆಯಲ್ಲ ಎಂದು ಅವರಿಗೆ ಹೇಳಿ. ಹಗಲು ಕೈ, ಮುಖ ತೊಳೆದು, ಅಂಗಿ ಬದಲಿಸಿ ಎಷ್ಟು ಬೇಕಾದರೂ ಎತ್ತಿ ಆಡಿಸಲಿ. ಎದೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಸೋಫಾದಲ್ಲಿ ಒರಗಿ ಕ್ರಿಕೆಟ್ ನೋಡುವುದೊಂದು ಬೇಡ, ಐದನೆಯ ಓವರಿನೊಳಗೆ ಇಬ್ಬರಿಗೂ ನಿದ್ದೆ.

ಹಾಗಾದರೆ ಆ ಒಂದೇ ಕೋಣೆಯಲ್ಲಿ ನಾಲ್ವರು ಹೇಗೆ ಮಲಗುವುದು? ನಾನು ನಿಮ್ಮ ಮನೆಯಲ್ಲಿದ್ದಿದ್ದರೆ ಹೀಗೆ ಮಾಡುತ್ತಿದ್ದೆ. ಮಂಚ ಗಂಡನಿಗೆ ಮತ್ತು ಮಗಳಿಗೆ. ಗೋಡೆಯ ಕಡೆ ಮಗಳು. ನಾಲ್ಕು ವರ್ಷದವಳು ನಿದ್ದೆಯಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾಳೆ, ಕಾಲು ಎಲ್ಲಿ ಬೀಳುತ್ತದೋ ಅವಳಿಗೇ ತಿಳಿಯದು, ಹಾಗಾಗಿ ಅವಳನ್ನು ಕೂಸಿನ ಪಕ್ಕ ಎಂದೂ ಮಲಗಿಸಬೇಡಿ. ನೀವು ಕೆಳಗೆ, ತವರಿನಲ್ಲಿ ಮಲಗಿದಂತೆಯೇ, ನೆಲದ ಮೇಲೆ. ಬೆಂಗಳೂರಿನ ನೆಲ ಚಳಿಗಾಲದಲ್ಲಿ ತಣ್ಣಗಿರುತ್ತದೆ, ಆದ್ದರಿಂದ ಕೆಳಗೊಂದು ಚಾಪೆ, ಅದರ ಮೇಲೆ ತೆಂಗಿನ ನಾರಿನ ತೆಳು ಹಾಸಿಗೆ. ಅಂಗೈ ಒತ್ತಿ ತೆಗೆದರೆ ಗುರುತು ಉಳಿಯಬಾರದು, ಅಷ್ಟು ಗಟ್ಟಿ. ಮೇಲೆ ಬಿಗಿಯಾಗಿ ಎಳೆದು ಸಿಕ್ಕಿಸಿದ ಒಂದು ಹತ್ತಿಯ ದುಪ್ಪಟಿ. ಹಾಸಿಗೆಯ ಸುತ್ತ ಎಲ್ಲ ಕಡೆ ಕನಿಷ್ಠ ಒಂದು ಮೊಳ ಖಾಲಿ ಜಾಗ ಇರಲಿ, ಗೋಡೆಗಾಗಲಿ ಮಂಚದ ಕಾಲಿಗಾಗಲಿ ತಾಗಬಾರದು. ಗೋಡೆಗೆ ‘ಅಂಟಿಸಿದ’ ಹಾಸಿಗೆ ಒಂದು ವಾರದಲ್ಲಿ ನಾಲ್ಕು ಬೆರಳು ಸರಿದಿರುತ್ತದೆ, ಕೂಸು ಸಿಕ್ಕಿಕೊಳ್ಳಲು ಅಷ್ಟು ಸಂದಿ ಸಾಕು. ಅಲ್ಲಿ ದಿಂಬು ತುಂಬಿಸಿದರೆ ಇನ್ನೂ ಕೆಡುಕು.

ನಿಮ್ಮ ಹಾಸಿಗೆಯ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರ, ಕೂಸಿನದೇ ಒಂದು ಚಿಕ್ಕ ಗಟ್ಟಿ ಹಾಸಿಗೆ ಅಥವಾ ತೊಟ್ಟಿಲು. ಅಳು ಬಂದಾಗ ನಿಮ್ಮ ಹಾಸಿಗೆಗೆ ಎಳೆದುಕೊಂಡು ಮಲಗಿಯೇ ಕುಡಿಸಿ. ಕುಡಿದಾದ ಮೇಲೆ ಎಚ್ಚರವಿದ್ದರೆ ಅದರ ಜಾಗಕ್ಕೆ ಸರಿಸಿ. ಇಲ್ಲದಿದ್ದರೆ, ಅಂದರೆ ನಿದ್ದೆ ಹತ್ತಿಬಿಟ್ಟರೆ, ಆ ಹಾಸಿಗೆಯನ್ನು ನಾವು ಸಿದ್ಧಮಾಡಿರುವುದೇ ಅದಕ್ಕೆ. ಎಚ್ಚರವಾದಾಗ ಸರಿಸಿ. ಅಪರಾಧ ಮಾಡಿದಂತೆ ಕುಗ್ಗಬೇಡಿ.

ಮಲಗಿ ಕುಡಿಸುವಾಗಿನ ಭಂಗಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಹೆಲೆನ್ ಬಾಲ್ ಎಂಬ ಮಾನವಶಾಸ್ತ್ರಜ್ಞೆ ಕತ್ತಲಲ್ಲೂ ಕಾಣುವ ಕ್ಯಾಮೆರಾಗಳನ್ನಿಟ್ಟು ತಾಯಿ ಮಕ್ಕಳು ರಾತ್ರಿಯಿಡೀ ಹೇಗೆ ಮಲಗುತ್ತಾರೆ ಎಂದು ವರ್ಷಗಟ್ಟಲೆ ನೋಡಿದ್ದಾರೆ. ಎದೆಹಾಲು ಕುಡಿಸುವ ತಾಯಂದಿರು ಯಾರೂ ಹೇಳಿಕೊಡದೆ ಒಂದೇ ರೀತಿ ಮಲಗುತ್ತಾರೆ: ಕೂಸಿನ ಕಡೆ ತಿರುಗಿ, ಕೆಳಗಿನ ತೋಳನ್ನು ಕೂಸಿನ ತಲೆಯ ಮೇಲ್ಭಾಗಕ್ಕೆ ಚಾಚಿ, ಮಂಡಿ ಮಡಚಿ ಕೂಸಿನ ಪಾದದ ಕೆಳಗೆ ತಂದು. ತೋಳು ಇರುವುದರಿಂದ ಕೂಸು ದಿಂಬಿನ ಕಡೆ ಮೇಲಕ್ಕೆ ಸರಿಯದು, ಮಂಡಿ ಇರುವುದರಿಂದ ಹೊದಿಕೆಯೊಳಗೆ ಕೆಳಕ್ಕೆ ಜಾರದು, ತಾಯಿಯೂ ಆ ಭಂಗಿಯಲ್ಲಿ ಮುಂದಕ್ಕೆ ಹೊರಳಲಾರಳು. ಕೂಸಿನ ಮುಖ ಮೊಲೆಯ ಮಟ್ಟದಲ್ಲಿರುತ್ತದೆ, ನಿಮ್ಮ ಮುಖದ ಮಟ್ಟದಲ್ಲಲ್ಲ. ಬಾಟಲಿ ಹಾಲು ಕುಡಿಯುವ ಕೂಸುಗಳನ್ನು ತಾಯಂದಿರು ದಿಂಬಿನ ಮಟ್ಟದಲ್ಲಿ, ಮುಖಕ್ಕೆ ಮುಖ ಬರುವಂತೆ ಮಲಗಿಸಿಕೊಳ್ಳುವುದು ಹೆಚ್ಚು, ಅದಕ್ಕಾಗಿ ಅವರಿಗೆ ನಾನು ಬೇರೆ ಹಾಸಿಗೆಯನ್ನೇ ಹೇಳುತ್ತೇನೆ. ಸಿಸೇರಿಯನ್ ಹೊಲಿಗೆ ಇನ್ನೂ ಎಳೆಯುತ್ತಿದ್ದರೆ ನಿಮ್ಮ ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೊಳ್ಳಿ, ಮುಂದೆ ಬೇಡ. ನಿಮ್ಮ ಹೊದಿಕೆ ಸೊಂಟದವರೆಗೆ ಮಾತ್ರ, ಮೇಲಕ್ಕೆ ಚಳಿಯಾದರೆ ಮುಂದೆ ಗುಂಡಿಯಿರುವ ಸ್ವೆಟರ್ ಹಾಕಿಕೊಳ್ಳಿ. ಜಡೆ ಬಿಗಿದು ಮೇಲಕ್ಕೆ ಕಟ್ಟಿ. ಸೆರಗು, ದುಪಟ್ಟಾ, ನೈಟಿಯ ಉದ್ದ ದಾರ ಯಾವುದೂ ಬೇಡ. ಮಾಂಗಲ್ಯದ ಸರವನ್ನು ರಾತ್ರಿ ತೆಗೆದಿಡಲು ಮನಸ್ಸು ಬಾರದಿದ್ದರೆ ಕುಪ್ಪಸದೊಳಗೆ ಸೇರಿಸಿ ಪಿನ್ ಹಾಕದೆ ಬಿಡಿ, ಪಿನ್ ಇನ್ನೊಂದು ಕಂಟಕ. ಕೂಸು ನಿಮ್ಮ ಒಂದು ಬದಿಗೆ ಇರಲಿ, ಇಬ್ಬರು ದೊಡ್ಡವರ ನಡುವೆ ಬೇಡ. ತವರಿನಲ್ಲಿ ಈಗ ಅಮ್ಮನಿಗೂ ನಿಮಗೂ ನಡುವೆ ಇದೆಯಲ್ಲ, ಅದನ್ನೂ ಇಂದೇ ಬದಲಿಸಿ. ಅಮ್ಮ ನಿಮ್ಮ ಬೆನ್ನ ಹಿಂದೆ ಮಲಗಲಿ.

ನಿಮಗೆ ಶೀತವಾಗಿ ಮಂಪರು ತರುವ ಮಾತ್ರೆ ತೆಗೆದುಕೊಂಡ ರಾತ್ರಿ, ನೋವಿಗೆ ಬಲವಾದ ಮಾತ್ರೆ ನುಂಗಿದ ರಾತ್ರಿ, ಜ್ವರ ಬಂದ ರಾತ್ರಿ ಕೂಸನ್ನು ಹಾಸಿಗೆಗೆ ತರಬೇಡಿ. ಬೇರೆಯವರು ಎತ್ತಿ ತಂದು, ನೀವು ಕುಳಿತು ಕುಡಿಸಿದ ಮೇಲೆ ವಾಪಸ್ಸು ಒಯ್ದು ಮಲಗಿಸಲಿ. ಯಾರಾದರೂ ಮದ್ಯ ಕುಡಿದ ದಿನದ ಬಗ್ಗೆ ಹೇಳಲೇಬೇಕಿಲ್ಲ.

ಅಂಗಾತ ಮಲಗಿಸಬೇಕು, ಪ್ರತಿ ಸಲ, ಹಗಲಿನ ಸಣ್ಣ ನಿದ್ದೆಗೂ. ನಿಮ್ಮ ಅತ್ತೆ ಇಲ್ಲಿ ತಕರಾರು ತೆಗೆಯುವುದು ಖಂಡಿತ: ‘ಹಾಲು ನೆತ್ತಿಗೇರುತ್ತದೆ.’ ಈ ಭಯ ಬಹಳ ಹಳೆಯದು, ಮೇಲುನೋಟಕ್ಕೆ ನಿಜವೆಂದೂ ತೋರುತ್ತದೆ. ಆದರೆ ದೇಹದ ರಚನೆ ತಿರುಗುಮುರುಗಾಗಿದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಏರು ಹತ್ತಬೇಕು. ಬೋರಲು ಮಲಗಿದರೆ ಅನ್ನನಾಳವೇ ಮೇಲೆ, ಹಾಲು ಇಳಿಜಾರಿನಲ್ಲಿ ಸೀದಾ ಶ್ವಾಸನಾಳದ ಬಾಯಿಗೆ. ಅಮೆರಿಕದಲ್ಲಿ 1994ರಲ್ಲಿ ಕೂಸನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಆರಂಭಿಸಿದ ಮೇಲೆ ಹತ್ತು ವರ್ಷದೊಳಗೆ ತೊಟ್ಟಿಲ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು, ಹಾಲು ನೆತ್ತಿಗೇರಿದ ಸಾವುಗಳು ಏರಲಿಲ್ಲ. ಮಗ್ಗುಲಾಗಿ ಮಲಗಿಸುವುದೂ ಸುರಕ್ಷಿತವಲ್ಲ, ಅದು ಬೋರಲಾಗುವುದಕ್ಕೆ ಅರ್ಧ ದಾರಿ. ಎಚ್ಚರವಿರುವಾಗ, ಯಾರಾದರೂ ಎದುರಿಗೆ ಕುಳಿತಿರುವಾಗ ಬೋರಲು ಹಾಕುವುದು ಒಳ್ಳೆಯದು, ಹಾಕಲೇಬೇಕು. ಎಣ್ಣೆ ತಿಕ್ಕುವಾಗ ಕಾಲ ಮೇಲೆ ಬೋರಲು ಹಾಕಿಕೊಳ್ಳುತ್ತಾರಲ್ಲ, ಅದು ಅದೇ ವ್ಯಾಯಾಮ.

ತಲೆ ದುಂಡಗಾಗಲಿ ಎಂದು ರಾಗಿಯ ದಿಂಬು, ಸಾಸಿವೆಯ ದಿಂಬು ಹೊಲಿದಿಟ್ಟಿರುತ್ತಾರೆ. ಎರಡೂ ಬೇಡ. ವರ್ಷ ತುಂಬುವವರೆಗೆ ಕೂಸಿಗೆ ಯಾವ ದಿಂಬೂ ಬೇಡ. ತಲೆ ಒಂದೇ ಕಡೆ ಚಪ್ಪಟೆಯಾಗದಿರಲು ಒಂದು ರಾತ್ರಿ ತಲೆ ಪೂರ್ವಕ್ಕೆ, ಇನ್ನೊಂದು ರಾತ್ರಿ ಕಾಲು ಪೂರ್ವಕ್ಕೆ ಎಂದು ದಿಕ್ಕು ಬದಲಿಸಿ. ಬೆಳಕಿನ ಕಡೆ, ನಿಮ್ಮ ಕಡೆ ತಿರುಗುವ ಅಭ್ಯಾಸ ಅದಕ್ಕಿರುವುದರಿಂದ ತಲೆ ತಾನೇ ಸಮವಾಗುತ್ತದೆ. ಉತ್ತರಕ್ಕೆ ತಲೆ ಹಾಕಬಾರದೆಂದರೆ ಹಾಕಬೇಡಿ, ವೈದ್ಯಶಾಸ್ತ್ರದ ಆಕ್ಷೇಪವೇನೂ ಇಲ್ಲ. ದೃಷ್ಟಿಗೆಂದು ಹಾಸಿಗೆಯ ಕೆಳಗೆ ಅಡಕತ್ತರಿಯನ್ನೋ ಚಾಕುವನ್ನೋ ಇಡುವ ಮನೆಗಳಿವೆ. ಅದರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಅದೇ ಕೋಣೆಯ ಬೀರುವಿನ ಮೇಲಿಟ್ಟರೂ ಕಬ್ಬಿಣ ಕಬ್ಬಿಣವೇ ಎನ್ನುತ್ತೇನೆ. ಆದರೆ ಕೊರಳಿನ ಕರಿದಾರ, ಬಜೆಯ ಸರ, ತಾಯಿತ ಇವುಗಳ ವಿಷಯದಲ್ಲಿ ರಾಜಿಯಿಲ್ಲ, ರಾತ್ರಿ ಕೊರಳು ಬರಿದಾಗಿರಬೇಕು. ಸೊಂಟದ ಉಡುದಾರ ಇರಲಿ, ಬಿಗಿಯಾಗದಿದ್ದರೆ ಸಾಕು.

ಕುಲಾವಿ, ಸ್ವೆಟರು, ಕಾಲುಚೀಲ, ಮೇಲೊಂದು ಉಣ್ಣೆಯ ಶಾಲು: ಡಿಸೆಂಬರಿನಲ್ಲಿ ನನ್ನ ಬಳಿಗೆ ಬರುವ ಕೂಸುಗಳನ್ನು ಬಿಚ್ಚಲೇ ಐದು ನಿಮಿಷ ಬೇಕು. ಹೊರಗೆ ಕರೆತರುವಾಗ ಸರಿ. ಮನೆಯೊಳಗೆ ಮಲಗುವಾಗ ಕುಲಾವಿ ತೆಗೆಯಿರಿ. ಕೂಸು ಮೈಶಾಖವನ್ನು ಹೊರಹಾಕುವುದು ಮುಖ್ಯವಾಗಿ ತಲೆಯಿಂದ, ಮತ್ತು ಮೈ ಅತಿಯಾಗಿ ಬಿಸಿಯಾಗುವುದೂ ಒಂದು ಅಪಾಯ. ಜಾರಿದ ಕುಲಾವಿ ಮೂಗು ಮುಚ್ಚುವುದು ಬೇರೆ. ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು ಸಾಕು. ಕೈಕಾಲು ತಣ್ಣಗಿದೆ ಎಂದು ಹೊದಿಸಬೇಡಿ, ಎಳೆಗೂಸಿನ ಕೈಕಾಲು ತಣ್ಣಗೇ ಇರುತ್ತವೆ. ಕತ್ತಿನ ಹಿಂದೆಯೋ ಎದೆಯ ಮೇಲೋ ಕೈಯಿಟ್ಟು ನೋಡಿ, ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಬಟ್ಟೆಯಲ್ಲಿ ಬಿಗಿದು ಸುತ್ತಿದ ಕೂಸನ್ನು ನಿಮ್ಮ ಹಾಸಿಗೆಗೆ ತರಬೇಡಿ, ಕೈ ಬಿಡುವಾಗಿದ್ದರೆ ತಾನೇ ಅದು ನಿಮ್ಮನ್ನು ತಳ್ಳುವುದು?

ತೊಟ್ಟಿಲು, ಜೋಲಿ ಬಗ್ಗೆ ನೀವು ಕೇಳಿಲ್ಲ, ಆದರೆ ನಾಮಕರಣದ ತೊಟ್ಟಿಲು ನಿಮ್ಮ ಜೊತೆ ಬೆಂಗಳೂರಿಗೆ ಹೊರಟಿರುತ್ತದೆ ಎಂದು ಊಹಿಸುತ್ತೇನೆ. ಸಮತಟ್ಟಾದ ಹಲಗೆಯ ಮರದ ತೊಟ್ಟಿಲು ಒಳ್ಳೆಯದೇ. ಸರಳುಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು, ಹಳೆಯ ತೊಟ್ಟಿಲುಗಳಲ್ಲಿ ಇದನ್ನು ಅಳೆದೇ ನೋಡಬೇಕು. ಒಳಗೆ ಒಂದು ತೆಳು ಗಟ್ಟಿ ಹಾಸು, ಕೂಸು, ಅಷ್ಟೇ. ಗಿಲಕಿ, ಗೊಂಬೆ, ಸುತ್ತಲೂ ಕಟ್ಟುವ ಮೆತ್ತೆ ಯಾವುದೂ ಬೇಡ. ಸೀರೆಯ ಜೋಲಿಯಲ್ಲಿ ಕೂಸು ಬಿಲ್ಲಿನಂತೆ ಬಾಗುತ್ತದೆ. ಗದ್ದ ಎದೆಗೆ ಒತ್ತಿಕೊಂಡರೆ ಎಳೆಯ ಶ್ವಾಸನಾಳ ಮಡಚಿಕೊಳ್ಳುತ್ತದೆ. ಅಡುಗೆ ಮಾಡುವಾಗ ಕಣ್ಣೆದುರು ತೂಗಿ ಸಮಾಧಾನ ಮಾಡಲು ಜೋಲಿ ಇರಲಿ, ನಿದ್ದೆ ಹತ್ತಿದ ಮೇಲೆ ಸಮನೆಲಕ್ಕೆ ಮಲಗಿಸಿ. ಕಾರಿನ ಮಕ್ಕಳ ಸೀಟಿಗೂ ಇದೇ ಮಾತು.

ಇಲ್ಲೊಂದು ಸಣ್ಣ ಅಡ್ಡಮಾತು. ನ್ಯೂಜಿಲೆಂಡಿನ ಮಾವೊರಿ ಜನರಲ್ಲೂ ಕೂಸನ್ನು ಮಗ್ಗುಲಲ್ಲೇ ಮಲಗಿಸುವ ರೂಢಿ. ‘ಬೇಡ’ ಎಂಬ ಉಪದೇಶ ಅಲ್ಲಿ ಕೆಲಸ ಮಾಡಲಿಲ್ಲ. ಆಮೇಲೆ ಅವರದೇ ನಾರಿನಲ್ಲಿ ಹೆಣೆದ ‘ವಹಾಕುರಾ’ ಎಂಬ ಚಪ್ಪಟೆ ಬುಟ್ಟಿಯನ್ನು ತಂದೆತಾಯಿಯ ಹಾಸಿಗೆಯ ಮೇಲೇ ಇಟ್ಟು ಕೂಸನ್ನು ಅದರಲ್ಲಿ ಮಲಗಿಸುವುದನ್ನು ಹರಡಿದರು. ಇಂಥ ಪುಟ್ಟ ಹಾಸಿಗೆಗಳನ್ನು ಹಂಚಿ, ತಿಳಿವಳಿಕೆಯನ್ನೂ ಕೊಟ್ಟ 2009ರಿಂದ 2015ರ ಅವಧಿಯಲ್ಲಿ ಆ ದೇಶದ ಶಿಶುಮರಣ, ಹುಟ್ಟಿದ ಮೊದಲ ದಿನಗಳದ್ದನ್ನು ಬಿಟ್ಟು, ಶೇ. 29ರಷ್ಟು ತಗ್ಗಿತು. ಅದರ ಚಿತ್ರ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮಜ್ಜಿ ಹೊಸ ಕೂಸನ್ನು ಮಲಗಿಸುತ್ತಿದ್ದ ಬಿದಿರಿನ ಮೊರ.

ಈ ಉತ್ತರ ಓದುವ ಬೇರೆ ತಾಯಂದಿರಿಗೂ ಒಂದು ಮಾತು. ನಾನು ಇಲ್ಲಿ ತೋರಿದ ಸಡಿಲಿಕೆ ತೂಕ ತುಂಬಿ, ದಿನ ತುಂಬಿ ಹುಟ್ಟಿದ, ಎದೆಹಾಲು ಕುಡಿಯುವ ಕೂಸಿಗೆ. 37 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದ ಕೂಸಿಗೆ ಬೇರೆ ಹಾಸಿಗೆಯೇ ಸರಿ. ಆಸ್ಪತ್ರೆಯಲ್ಲಿ ಕಾಂಗರೂ ಆರೈಕೆ ಹೇಳಿಕೊಟ್ಟಿದ್ದಾರಲ್ಲ ಎಂದರೆ, ಅದನ್ನು ಬಿಡಬೇಡಿ. ಮೈಗೆ ಮೈ ತಾಗುವಂತೆ ಎದೆಗೆ ಕಟ್ಟಿಕೊಂಡು, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ರೀತಿಯಲ್ಲೇ ಮಾಡುವ ಆರೈಕೆ ಅದು. ಹಾಸಿಗೆಯಲ್ಲಿ ಮಗ್ಗುಲಿಗೆ ಮಲಗಿಸಿಕೊಳ್ಳುವುದೇ ಬೇರೆ.

ನಿಮ್ಮ ಮಗ ನಾಲ್ಕು ತಿಂಗಳ ಹೊತ್ತಿಗೆ ಮಗುಚತೊಡಗುತ್ತಾನೆ. ಅಂಗಾತವೇ ಮಲಗಿಸಿ, ಎರಡೂ ಕಡೆಗೆ ತಾನೇ ಸಲೀಸಾಗಿ ಹೊರಳುವಂತಾದ ಮೇಲೆ ಅವನು ಬೋರಲಾದರೆ ರಾತ್ರಿಯಿಡೀ ಎದ್ದು ತಿರುಗಿಸುತ್ತ ಕೂರಬೇಡಿ. ಆಗ ನೆಲದ ಹಾಸಿಗೆಯ ಬೆಲೆ ಗೊತ್ತಾಗುತ್ತದೆ, ಬಿದ್ದರೆ ನಾಲ್ಕು ಬೆರಳು ಎತ್ತರದಿಂದ ಬೀಳುತ್ತಾನೆ.

ನಿದ್ದೆಯಲ್ಲಿ ಅವನ ಉಸಿರು ಕೆಲವು ಸೆಕೆಂಡು ನಿಂತು, ಮತ್ತೆ ಬೇಗ ಬೇಗ ಆಡುವುದನ್ನು ನೀವು ಗಮನಿಸಿರಬಹುದು. ಐದರಿಂದ ಹತ್ತು ಸೆಕೆಂಡಿನ ಅಂಥ ತಡೆ ಈ ವಯಸ್ಸಿಗೆ ಸಹಜ. ಇಪ್ಪತ್ತು ಸೆಕೆಂಡು ದಾಟಿದರೆ, ತುಟಿ ನೀಲಿಯಾದರೆ, ಮೈ ಜೋತುಬಿದ್ದರೆ, ಎಬ್ಬಿಸಿದರೂ ಹಾಲು ಕುಡಿಯಲು ಏಳದಷ್ಟು ಮಂಕಾಗಿದ್ದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಒಂದು ತಿಂಗಳಿದೆ. ಈ ಭಾನುವಾರವೇ ಗಂಡನಿಗೆ ಫೋನ್ ಮಾಡಿ ಮೂರು ಕೆಲಸ ಹೇಳಿ. ಕೋಣೆಯ ನೆಲದಲ್ಲಿ ಮಂಚ ಬಿಟ್ಟು ಎಷ್ಟು ಜಾಗ ಉಳಿಯುತ್ತದೆಂದು ಟೇಪು ಹಿಡಿದು ಅಳೆಯಲಿ. ಸಾಲದಿದ್ದರೆ ಬೀರುವನ್ನು ಹಜಾರಕ್ಕೆ ಸಾಗಿಸಲಿ. ನಾರಿನ ಹಾಸಿಗೆಯನ್ನು ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿಯೇ ತರಲಿ. ಮೂರನೆಯ ಕೆಲಸ ಯಾವುದೆಂದು ಅವರಿಗೇ ಗೊತ್ತು. ಈಗ ಶುರುಮಾಡಿದರೆ ನೀವು ಬರುವ ಹೊತ್ತಿಗೆ ಮೂರ್ನಾಲ್ಕು ವಾರವಾದರೂ ಸೇದದೆ ಕಳೆದಿರುತ್ತಾರೆ.